ಬುಗಾಂಡಾ ರಾಜ್ಯದ ಮುಸ್ಲಿಮರು: ಅರಮನೆ ಕೈಬಿಟ್ಟ ಮೇಲೂ ಬೆಳೆದದ್ದು ಹೇಗೆ?

ಹುಬ್ಬಳ್ಳಿ_ಟು_ಕಂಪಾಲಾ

ನಮಸ್ಕಾರ ರೀ ಎಲ್ಲರಿಗೂ. ಕೆಲಸದ ಮೇಲೆ ಉಗಾಂಡಾಕ್ಕೆ ಬಂದು ಕಂಪಾಲಾದಲ್ಲಿದ್ದೇನೆ. ಒಂದು ವಿಷಯ ಬಗೆಹರಿಯುತ್ತಿಲ್ಲ, ಇತಿಹಾಸ ಓದಿದವರು ಹೇಳಬೇಕು.

ಈ ಊರು ಇರುವುದು ಬುಗಾಂಡಾ ಅನ್ನೋ ಹಳೇ ರಾಜ್ಯದೊಳಗೆ. ಇಲ್ಲಿನ ರಾಜನಿಗೆ ಕಬಾಕಾ ಅಂತಾರೆ. ಈಗಿರುವವರು ಎರಡನೇ ಮುಟೇಬಿ, 1993ರಲ್ಲಿ ಪಟ್ಟಕ್ಕೆ ಬಂದವರು. ಅಧಿಕಾರ ಏನೂ ಇಲ್ಲ, ಆದರೆ ಜನ ಕೊಡುವ ಮರ್ಯಾದೆ ನೋಡಬೇಕು. ರಾಜಮನೆತನ ಪ್ರಾಟೆಸ್ಟಂಟ್. ಊರಲ್ಲಿ ಎತ್ತ ನೋಡಿದರೂ ಚರ್ಚು. ಆದರೆ ಕಿಬುಲಿ ಗುಡ್ಡದ ಮೇಲೆ ದೊಡ್ಡ ಮಸೀದಿ ಇದೆ, ಅದಕ್ಕೆ ಜಾಗ ಕೊಟ್ಟದ್ದು ರಾಜಮನೆತನದ್ದೇ ಒಬ್ಬ ರಾಜಕುಮಾರ ಅಂತೆ. ಮಾಂಸದಂಗಡಿ ಬಹುಪಾಲು ಮುಸ್ಲಿಮರದ್ದು, ಕ್ರೈಸ್ತರೂ ಅಲ್ಲೇ ಕೊಳ್ಳುತ್ತಾರೆ. ನಮ್ಮ ಆಫೀಸಿನ ಡ್ರೈವರ್ ಮುಸ್ಲಿಂ. 'ಈ ರಾಜ್ಯಕ್ಕೆ ಪಾದ್ರಿಗಳಿಗಿಂತ ಮೊದಲು ಬಂದವರು ನಾವು' ಅಂತಾನೆ.

ಮೊದಲು ಬಂದವರು ಅಲ್ಪಸಂಖ್ಯಾತರಾದದ್ದು ಯಾಕೆ? ಆದ ಮೇಲೂ ಬೆಳೆದದ್ದು ಹೇಗೆ?

ಹಳೇ ಪುಸ್ತಕದಂಗಡಿ

ಡ್ರೈವರ್ ಹೇಳಿದ್ದು ನಿಜ. ಆಂಗ್ಲಿಕನ್ ಪಾದ್ರಿಗಳು ಬಂದದ್ದು 1877ರಲ್ಲಿ, ಫ್ರೆಂಚ್ ಕ್ಯಾಥಲಿಕರು 1879ರಲ್ಲಿ. ಅಹ್ಮದ್ ಬಿನ್ ಇಬ್ರಾಹಿಂ ಅನ್ನೋ ಅರಬ್ ವ್ಯಾಪಾರಿ ಕಬಾಕಾ ಸೂನಾನ ಆಸ್ಥಾನ ಮುಟ್ಟಿದ್ದು 1844ರಲ್ಲಿ. ಜಾಂಜಿಬಾರ್ ಎದುರಿನ ಕರಾವಳಿಯಿಂದ ಟಬೋರಾ, ಅಲ್ಲಿಂದ ಕರಾಗ್ವೆ, ಆಮೇಲೆ ಬುಗಾಂಡಾ. ತಿಂಗಳುಗಟ್ಟಲೆ ನಡಿಗೆ. ತಂದು ಮಾರಿದ್ದು ಹತ್ತಿಬಟ್ಟೆ, ಮಣಿ, ಬಂದೂಕು. ಕೊಂಡು ಹೋದದ್ದು ಆನೆದಂತ ಮತ್ತು ಗುಲಾಮರು. ಗುಲಾಮರ ಮಾತು ಬಿಟ್ಟು ಈ ಕಥೆ ಹೇಳುವವರನ್ನು ನಾನು ನಂಬುವುದಿಲ್ಲ.

ಸೂನಾ ಸಿಕ್ಕಸಿಕ್ಕವರನ್ನು ಕೊಲ್ಲಿಸುತ್ತಿದ್ದುದನ್ನು ಕಂಡು ಅಹ್ಮದ್ ಆಸ್ಥಾನದಲ್ಲೇ ಎದ್ದು ನಿಂತನಂತೆ. ಈ ಜನರನ್ನು, ನಿನ್ನನ್ನು, ಎಲ್ಲರನ್ನೂ ಸೃಷ್ಟಿಸಿದವನು ಒಬ್ಬನಿದ್ದಾನೆ, ಅವರನ್ನು ಕೊಲ್ಲುವುದು ಪಾಪ ಅಂದನಂತೆ. ಬಗಾಂಡಾ (ಬುಗಾಂಡಾದ ಜನರಿಗೆ ಹಾಗಂತಾರೆ) ಮುಸ್ಲಿಮರು ಇವತ್ತಿಗೂ ಹೇಳುವ ಕಥೆ ಇದು. ಸೂನಾ ಕುತೂಹಲದಿಂದ ಕೇಳಿದ, ಮತ ಬದಲಿಸಲಿಲ್ಲ.

ಬದಲಾದದ್ದು ಮಗನ ಕಾಲಕ್ಕೆ. ಮುಟೇಸಾ 1856ರಲ್ಲಿ ಪಟ್ಟಕ್ಕೆ ಬಂದ, ಆಗ ಇನ್ನೂ ಹುಡುಗ. 1867ರಿಂದ ಸುಮಾರು ಹತ್ತು ವರ್ಷ ರಂಜಾನ್ ಉಪವಾಸ ಹಿಡಿದ. ಅರಮನೆಯಲ್ಲಿ ಮಸೀದಿ ಕಟ್ಟಿಸಿದ. ಅರಬ್ಬಿ ಅಕ್ಷರ ಕಲಿತ. ಹಿಜರಿ ಕ್ಯಾಲೆಂಡರ್ ತಂದ. ಸರದಾರರೂ ನಮಾಜು ಮಾಡಬೇಕು ಅಂತ ಅಪ್ಪಣೆಯಾಯಿತು.

ಇದು ಬೇಗ ಹರಡಿದ್ದಕ್ಕೆ ಕಾರಣ ಆಸ್ಥಾನದ ವ್ಯವಸ್ಥೆ. ಬುಗಾಂಡಾದಲ್ಲಿ ಪ್ರತಿ ಸರದಾರನೂ ತನ್ನ ಮನೆಯ ಚೂಟಿ ಹುಡುಗನನ್ನು ಅರಮನೆ ಚಾಕರಿಗೆ ಕಳಿಸಬೇಕು. ಅಲ್ಲಿ ಕೆಲಸ ಕಲಿತವನೇ ಮುಂದೆ ಸರದಾರ. ಓದು ಬರಹ ಮೊದಲು ಮುಟ್ಟಿದ್ದು ಈ ಹುಡುಗರನ್ನು. ಹಾಗಾಗಿ ಇಸ್ಲಾಂ ಇಲ್ಲಿ ಸಂತೆಯಿಂದ ಅರಮನೆಗೆ ಹೋಗಲಿಲ್ಲ, ಅರಮನೆಯಿಂದ ಹಳ್ಳಿಗೆ ಇಳಿಯಿತು.

ಮಲೆನಾಡ ಗಿಡ್ಡ

ಅಂದ್ರೆ ರಾಜ ಹೇಳಿದ, ಪ್ರಜೆ ಸೇರಿದ. ಬಂದೂಕು ಬೇಕಿತ್ತು, ಮತ ಬದಲಾಯಿಸಿದ. ಇಷ್ಟಕ್ಕೆ ಇಷ್ಟುದ್ದ ಬರೀಬೇಕಾ ಗುರುವೇ?

ಹಳೇ ಪುಸ್ತಕದಂಗಡಿ

ಬಂದೂಕು ಬೇಕಿತ್ತು, ಒಪ್ಪಿದೆ. ಆದರೆ ಬಂದೂಕಿಗೆ ದಂತ ಕೊಟ್ಟರೆ ಸಾಕಿತ್ತು. ಹತ್ತು ವರ್ಷ ಉಪವಾಸ ಹಿಡಿಯುವ ಅಗತ್ಯ ಇರಲಿಲ್ಲ.

ನನ್ನ ಅಂದಾಜು ಬೇರೆ. ಬುಗಾಂಡಾದಲ್ಲಿ ಲುಬಾಲೆ ಅಂತ ದೈವಗಳಿವೆ. ಆ ದೈವಗಳು ಮೈಮೇಲೆ ಬರುವ ಪೂಜಾರಿಗಳಿದ್ದಾರೆ. ಮೈಮೇಲೆ ದೈವ ಬಂದಾಗ ಅವರು ರಾಜನಿಗೂ ಬುದ್ಧಿ ಹೇಳಬಹುದು. ತುಳುನಾಡಿನ ಭೂತಕೋಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲ ದೈವಗಳ ಮೇಲೆ ಒಬ್ಬನೇ ದೇವರಿದ್ದಾನೆ, ಅವನ ಪುಸ್ತಕ ನನಗೆ ಓದಲು ಬರುತ್ತದೆ ಅಂದುಬಿಟ್ಟರೆ ಪೂಜಾರಿಗಳ ಬಾಯಿ ಮುಚ್ಚುತ್ತದೆ. ಮುಟೇಸಾನಿಗೆ ಆ ಲಾಭ ಗೊತ್ತಿತ್ತು.

ಆದರೆ ಒಂದು ಕಡೆ ಸಿಕ್ಕಿಕೊಂಡ. ಕಬಾಕಾನ ಮೈಯಿಂದ ರಕ್ತ ಬೀಳಕೂಡದು ಅಂತ ಸಂಪ್ರದಾಯ. ಮೈಯಲ್ಲಿ ಊನ ಇರುವವನು ಗಾದಿಗೆ ಅರ್ಹನಲ್ಲ. ಹಾಗಾಗಿ ಎಲ್ಲವನ್ನೂ ಒಪ್ಪಿದ ಮುಟೇಸಾ ಸುನ್ನತಿ ಮಾತ್ರ ಮಾಡಿಸಿಕೊಳ್ಳಲಿಲ್ಲ. ಮುಂದಿನ ಇಪ್ಪತ್ತು ವರ್ಷದ ರಕ್ತಪಾತಕ್ಕೆ ಇದೂ ಒಂದು ಕಾರಣವಾಯಿತು.

ಉಳ್ಳಾಲದ ಗಾಳಿ

ಸುನ್ನತಿ ಆಗದವರ ಹಿಂದೆ ನಮಾಜು ಮಾಡಬಹುದಾ ಅನ್ನೋ ಪ್ರಶ್ನೆ ಎದ್ದಿರಬೇಕಲ್ವಾ ಆಗ?

ಹಳೇ ಪುಸ್ತಕದಂಗಡಿ

ಅಕ್ಕ, ಸರಿಯಾಗಿ ಹಿಡಿದಿರಿ. ಕರಾವಳಿಯ ವ್ಯಾಪಾರಿಗಳು ಆ ಮಾತು ಎತ್ತಿರಲಿಲ್ಲ, ಅವರಿಗೆ ದಂತದ ವ್ಯಾಪಾರ ಮುಖ್ಯ. 1870ರ ದಶಕದ ನಡುವೆ ಉತ್ತರದಿಂದ, ಈಜಿಪ್ಟ್-ಸುಡಾನ್ ಕಡೆಯಿಂದ ಮೌಲ್ವಿಗಳು ಬಂದರು. ಅವರು ಆಸ್ಥಾನದ ಹುಡುಗರಿಗೆ ನೇರವಾಗಿ ಹೇಳಿದರು. ಸುನ್ನತಿ ಆಗದ ರಾಜ ನಮಾಜಿಗೆ ಮುಂದೆ ನಿಲ್ಲುವ ಹಾಗಿಲ್ಲ. ಸುನ್ನತಿ ಆಗದವನು ಕೊಯ್ದ ಮಾಂಸ ತಿನ್ನುವ ಹಾಗಿಲ್ಲ. ಅರಮನೆ ಮಸೀದಿಯ ದಿಕ್ಕೂ ಸರಿಯಿಲ್ಲ.

ಹುಡುಗರು ಅರಮನೆಯ ಮಾಂಸ ಮುಟ್ಟದೆ ಎದ್ದರು. ಬುಗಾಂಡಾದಲ್ಲಿ ಕಬಾಕಾ ಕೊಟ್ಟ ಊಟ ಬೇಡ ಅನ್ನುವುದೂ ಕಬಾಕಾನೇ ಬೇಡ ಅನ್ನುವುದೂ ಒಂದೇ. ಅದೇ ಹೊತ್ತಿಗೆ ಈಜಿಪ್ಟಿನ ದೊರೆ ಖೆದೀವ್ ನೈಲ್ ನದಿಯ ಮೇಲ್ಭಾಗವನ್ನೆಲ್ಲ ನುಂಗಲು ಹೊರಟಿದ್ದ, ಅವನ ಪರವಾಗಿ ಗಾರ್ಡನ್ ಅನ್ನೋ ಬ್ರಿಟಿಷ್ ಅಧಿಕಾರಿ ಸೈನ್ಯ ತಂದಿದ್ದ. ಹಾಗಾಗಿ ಉತ್ತರದ ಮೌಲ್ವಿಯ ಮಾತು ಕೇಳುವ ಹುಡುಗ ಮುಟೇಸಾನ ಕಣ್ಣಿಗೆ ಶತ್ರುವಿನ ಮನುಷ್ಯನಾಗಿ ಕಂಡ. 1876ರ ಹೊತ್ತಿಗೆ ಸುಮಾರು 70 ಮಂದಿಯನ್ನು ನಮುಗೊಂಗೊದಲ್ಲಿ ಕೊಲ್ಲಿಸಿದ. ಇನ್ನೂ ಹಲವರು ಬೇರೆ ಕಡೆ ಸತ್ತರು.

ನಮುಗೊಂಗೊ ಹೆಸರು ನೀವು ಕೇಳಿರುತ್ತೀರಿ. 1886ರ ಜೂನ್ 3ರಂದು ಚಾರ್ಲ್ಸ್ ಲ್ವಾಂಗಾ ಮತ್ತು ಜೊತೆಯ ಕ್ರೈಸ್ತ ಹುಡುಗರನ್ನು ಸುಟ್ಟ ಜಾಗ ಅದೇ. ಪ್ರತಿ ವರ್ಷ ಜೂನ್ 3ಕ್ಕೆ ಅಲ್ಲಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಸರ್ಕಾರಿ ರಜೆ ಬೇರೆ. ಹತ್ತು ವರ್ಷ ಮೊದಲು ಅಲ್ಲೇ ಸತ್ತ ಮುಸ್ಲಿಂ ಹುಡುಗರ ನೆನಪು ಹೊರಗಿನವರಿಗೆ ಇಲ್ಲವೇ ಇಲ್ಲ. ಎರಡೂ ಸಲ ಸತ್ತವರು ಅರಮನೆ ಚಾಕರಿಯ ಹುಡುಗರು. ಎರಡೂ ಸಲ ತಪ್ಪು ಒಂದೇ, ರಾಜನಿಗಿಂತ ಮೇಲೆ ಇನ್ನೊಬ್ಬನಿದ್ದಾನೆ ಅಂದದ್ದು.

ಹುಬ್ಬಳ್ಳಿ_ಟು_ಕಂಪಾಲಾ

ನಮುಗೊಂಗೊ ನೋಡಿದ್ದೇನೆ. ಚರ್ಚಿಗೆ ಹೋದೆ, ಮಸೀದಿಯೂ ಇದೆ ಅಂತ ಯಾರೂ ಹೇಳಲಿಲ್ಲ. ಮುಂದೆ?

ಲೆಕ್ಕದ ಮೇಷ್ಟ್ರು

ಮುಂದಿನದನ್ನು ನಾನು ಹೇಳುತ್ತೇನೆ, ಅಂಗಡಿಯವರು ಹೇಳಿದರೆ ಬೆಳಗಾಗುತ್ತದೆ.

1884ರಲ್ಲಿ ಮುಟೇಸಾ ಸತ್ತ. ಮಗ ಮ್ವಾಂಗಾ ಬಂದ. 1888ರ ಸೆಪ್ಟೆಂಬರಿನಲ್ಲಿ ಮುಸ್ಲಿಮರು, ಕ್ರೈಸ್ತರು ಇಬ್ಬರೂ ಸೇರಿ ಅವನನ್ನು ಓಡಿಸಿದರು. ಅಣ್ಣ ಕಿವೇವಾನನ್ನು ಕೂರಿಸಿದರು. ಅಕ್ಟೋಬರಿನಲ್ಲಿ ಮುಸ್ಲಿಮರು ಕ್ರೈಸ್ತರನ್ನು ರಾಜಧಾನಿಯಿಂದ ಹೊರಗಟ್ಟಿದರು. ಕಿವೇವಾ ಸುನ್ನತಿಗೆ ಒಪ್ಪಲಿಲ್ಲ. ಅವನನ್ನೂ ಇಳಿಸಿದರು. ತಮ್ಮ ಕಲೇಮಾ ಒಪ್ಪಿದ, ರಶೀದ್ ಅಂತ ಹೆಸರಿಟ್ಟುಕೊಂಡ. ಬುಗಾಂಡಾಕ್ಕೆ ನಿಜವಾದ ಮುಸ್ಲಿಂ ರಾಜ ಅಂತ ಇದ್ದದ್ದು ಆ ಒಂದು ವರ್ಷ ಚಿಲ್ಲರೆ ಮಾತ್ರ.

ಆ ಅವಧಿಯಲ್ಲಿ ಕಲೇಮಾ ಗಾದಿಗೆ ಯಾರೂ ಪೈಪೋಟಿಗೆ ಬರಬಾರದು ಅಂತ ರಾಜಮನೆತನದ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಬಿಡದೆ ಕೊಲ್ಲಿಸಿದ. ಕಿವೇವಾನೂ ಸತ್ತ. 1889ರ ಅಕ್ಟೋಬರಿನಲ್ಲಿ ಕ್ರೈಸ್ತ ಪಡೆ ಮ್ವಾಂಗಾನನ್ನು ವಾಪಸ್ ತಂದಿತು, 1890ರ ಫೆಬ್ರವರಿಯಲ್ಲಿ ಗಟ್ಟಿಯಾಗಿ ಕೂರಿಸಿತು. ಕಲೇಮಾ ಪಕ್ಕದ ಬುನ್ಯೋರೊ ರಾಜ್ಯದ ಕಡೆ ಓಡಿ ಅದೇ ವರ್ಷ ಸಿಡುಬಿನಿಂದ ಸತ್ತ.

ಗಮನಿಸಿ: ಈ ಗಲಾಟೆಯಲ್ಲಿ ಮುಸ್ಲಿಮರು, ಕ್ಯಾಥಲಿಕರು, ಪ್ರಾಟೆಸ್ಟಂಟರು ಮೂವರ ಕೈಯಲ್ಲೂ ಬಂದೂಕಿತ್ತು. 1892ರ ಜನವರಿಯಲ್ಲಿ ಕ್ರೈಸ್ತರ ಎರಡು ಬಣಗಳೇ ಮೆಂಗೋ ಗುಡ್ಡದಲ್ಲಿ ಹೊಡೆದಾಡಿದವು. ಬ್ರಿಟಿಷ್ ಕಂಪನಿಯ ಲುಗಾರ್ಡ್ ಪ್ರಾಟೆಸ್ಟಂಟರ ಪರ ನಿಂತ. ಯಾರೂ ಸಾಧುಗಳಲ್ಲ.

ಮಲೆನಾಡ ಗಿಡ್ಡ

ನೋಡಿ, ಒಂದು ವರ್ಷ ಅಧಿಕಾರ ಸಿಕ್ಕಿದ್ದಕ್ಕೆ ಇಷ್ಟೆಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ, ಟಿಪ್ಪು ಕಾಲದಲ್ಲಿ

ನಿರ್ವಾಹಕ

ಈ ಸಾಲಿನಿಂದ ಮುಂದಿನದನ್ನೂ, ಅದಕ್ಕೆ ಬಂದ ಎರಡು ಉತ್ತರಗಳನ್ನೂ ತೆಗೆದಿದ್ದೇನೆ. ಟಿಪ್ಪು ಬಗ್ಗೆ ಈಗಾಗಲೇ ಬೇರೆ ಚರ್ಚೆ ಇದೆ, ತಿಂಗಳುಗಳಿಂದ ಉರಿಯುತ್ತಿದೆ. ಸೌದೆ ಅಲ್ಲೇ ಹಾಕಿ. ಇಲ್ಲಿ ಬುಗಾಂಡಾ ಮಾತ್ರ.

ಉಳ್ಳಾಲದ ಗಾಳಿ

ಥ್ಯಾಂಕ್ಸ್. ಮೇಷ್ಟ್ರೇ, ಕಲೇಮಾ ಸತ್ತ ಮೇಲೆ ಮುಸ್ಲಿಮರ ಕಡೆ ಯಾರಿದ್ದರು? ಮೇಲೆ ಹೇಳಿದ ಕಿಬುಲಿ ಮಸೀದಿಯ ರಾಜಕುಮಾರ ಎಲ್ಲಿಂದ ಬಂದ?

ಹಳೇ ಪುಸ್ತಕದಂಗಡಿ

ನಾನು ಕಾಯುತ್ತಿದ್ದ ಪ್ರಶ್ನೆ ಇದು. ನೂಹು ಎಂಬೋಗೊ ಅಂತ ಒಬ್ಬರಿದ್ದರು. ಸೂನಾನ ಮಗ, ಮುಟೇಸಾನ ತಮ್ಮ. ಕಲೇಮಾಗೆ ಚಿಕ್ಕಪ್ಪ. ಕಲೇಮಾ ಸತ್ತ ಮೇಲೆ ಮುಸ್ಲಿಮರು ಇವರನ್ನೇ ತಮ್ಮ ರಾಜ ಅಂದರು. ಗಡಿಯಲ್ಲಿ ಸಾವಿರಾರು ಜನರ ಜೊತೆ ಅಲೆಯುತ್ತಿದ್ದರು.

1892ರಲ್ಲಿ ಲುಗಾರ್ಡ್ ಜೊತೆ ಮಾತುಕತೆಯಾಯಿತು. ಎಂಬೋಗೊ ಗಾದಿಯ ಆಸೆ ಬಿಟ್ಟು ಕಂಪಾಲಾಕ್ಕೆ ಬಂದರು. ಅವರ ಜನರಿಗೆ ಮೂರು ಸಣ್ಣ ಸೀಮೆಗಳು ಸಿಕ್ಕವು. ಮಾರನೇ ವರ್ಷ ಮತ್ತೆ ದಂಗೆಯಾಗಿ ಮುಸ್ಲಿಮರು ಸೋತರು, ಎಂಬೋಗೊ ಅವರನ್ನು ಜಾಂಜಿಬಾರಿಗೆ ಗಡಿಪಾರು ಮಾಡಿದರು, 1895ರಲ್ಲಿ ವಾಪಸ್ ಕರೆಸಿದರು. 1900ರ ಒಪ್ಪಂದದಲ್ಲಿ ಬುಗಾಂಡಾವನ್ನು 20 ಸೀಮೆಗಳಾಗಿ ಹಂಚಿದಾಗ ಮುಸ್ಲಿಮರ ಪಾಲಿಗೆ ಉಳಿದದ್ದು ಒಂದೇ ಒಂದು, ಬುಟಾಂಬಾಲಾ. ಎಂಬೋಗೊ ಅವರಿಗೆ 24 ಚದರ ಮೈಲಿ ಜಮೀನು, ವರ್ಷಕ್ಕೆ 250 ಪೌಂಡ್. ದಿವಾನಗಿರಿ ಪ್ರಾಟೆಸ್ಟಂಟರಿಗೆ ಹೋಯಿತು, ಮುಖ್ಯ ನ್ಯಾಯಾಧಿಕಾರಿಯ ಹುದ್ದೆ ಕ್ಯಾಥಲಿಕರಿಗೆ.

ಸೋತವರಿಗೆ ಉಳಿದ ಚೂರು ಅಂತ ಎಲ್ಲರೂ ಬರೆಯುತ್ತಾರೆ. ನಾನು ಹಾಗೆ ಓದುವುದಿಲ್ಲ. ಎಂಬೋಗೊ ಗಾದಿ ಬಿಟ್ಟದ್ದೇ ಈ ಸಮುದಾಯ ಉಳಿದು ಬೆಳೆದದ್ದಕ್ಕೆ ಮೂಲ ಅಂತ ನನ್ನ ವಾದ. ಅವರು ಗಾದಿಗೆ ಪಟ್ಟು ಹಿಡಿದು ಕೂತಿದ್ದರೆ ಪ್ರತಿ ತಲೆಮಾರಿಗೂ ಒಂದು ದಂಗೆ, ಪ್ರತಿ ದಂಗೆಗೂ ಒಂದು ಗಡಿಪಾರು. ಬಿಟ್ಟರು ನೋಡಿ, ಆಗ ಮುಸ್ಲಿಮರು ಅರಮನೆಗೆ ಶತ್ರುಗಳಾಗಿ ಉಳಿಯಲಿಲ್ಲ, ಅಜ್ಜನ ತಮ್ಮನ ಕಡೆಯವರಾದರು. ರಾಜನ ಮನೆಯಲ್ಲಿ ಮದುವೆಗೆ, ಸಾವಿಗೆ ಬಂದು ಹೋಗುವವರಾದರು. ಎಂಬೋಗೊ 1921ರಲ್ಲಿ ತೀರಿಕೊಂಡರು. ಮಗ ಬದ್ರು ಕಕುಂಗುಲು, 1907ರಲ್ಲಿ ಹುಟ್ಟಿದವರು, 1991ರವರೆಗೆ ಬದುಕಿದ್ದರು. ಕಿಬುಲಿ ಗುಡ್ಡದಲ್ಲಿ ಜಾಗ ಕೊಟ್ಟ ರಾಜಕುಮಾರ ಇವರೇ.

ಮಲೆನಾಡ ಗಿಡ್ಡ

ಇದು ಸ್ವಲ್ಪ ಚಂದ ಮಾಡಿ ಹೇಳಿದ ಹಾಗಿದೆ. ಎಂಬೋಗೊ ಬಿಟ್ಟದ್ದಲ್ಲ, ಬಿಡಿಸಿದ್ದು. ಲುಗಾರ್ಡ್ ಹತ್ತಿರ ಮ್ಯಾಕ್ಸಿಮ್ ಗನ್ ಇತ್ತು. ಆಮೇಲೂ ದಂಗೆ ಆಯ್ತಲ್ಲ 1893ರಲ್ಲಿ?

ಹಳೇ ಪುಸ್ತಕದಂಗಡಿ

ಬಿಡಿಸಿದ್ದು ಅಂತಲೇ ಇಟ್ಟುಕೊಳ್ಳೋಣ. 1895ರಲ್ಲಿ ವಾಪಸ್ ಬಂದಮೇಲೆ 26 ವರ್ಷ ಬದುಕಿದ್ದರು. ಮತ್ತೆ ಗಾದಿಯ ಮಾತು ಎತ್ತಲಿಲ್ಲ. 1897ರಲ್ಲಿ ಮ್ವಾಂಗಾ ಬ್ರಿಟಿಷರ ವಿರುದ್ಧ ಎದ್ದ, ಬ್ರಿಟಿಷರ ಕೈಕೆಳಗಿದ್ದ ಸುಡಾನಿ ಸಿಪಾಯಿಗಳೂ ದಂಗೆ ಎದ್ದರು. ಆ ಸಿಪಾಯಿಗಳು ಮುಸ್ಲಿಮರು, ಎಂಬೋಗೊ ಕೈಚಾಚಿದ್ದರೆ ಸಿಗುತ್ತಿದ್ದರು. ಅವರು ಸೇರಲಿಲ್ಲ. ಗನ್ ಹೆದರಿಕೆ ಒಂದರಿಂದ ಇದನ್ನು ಹೇಳಲಾಗದು.

ಉಳ್ಳಾಲದ ಗಾಳಿ

ರಾಜಮನೆತನದ ಮಾತು ಸಾಕು, ಜನರ ಕಡೆ ಬನ್ನಿ. ಒಂದೇ ಸೀಮೆ, ಸರ್ಕಾರಿ ಹುದ್ದೆ ಇಲ್ಲ. ಹೊಟ್ಟೆಗೆ ಏನು ಮಾಡಿದರು?

ಹುಬ್ಬಳ್ಳಿ_ಟು_ಕಂಪಾಲಾ

ಇದಕ್ಕೆ ನಾನೇ ಸ್ವಲ್ಪ ಹೇಳಬಲ್ಲೆ, ಡ್ರೈವರ್ ಅಣ್ಣನ ಮನೆಯ ಕಥೆ ಕೇಳಿದ್ದೇನೆ. ಆತನ ಅಜ್ಜ ಕಸಾಯಿ. ಅಪ್ಪ ಬಸ್ ಡ್ರೈವರ್. ಆತನೂ ಡ್ರೈವರ್. ತಂಗಿ ಮಾತ್ರ ನರ್ಸ್, ಕಿಬುಲಿ ಶಾಲೆಯಲ್ಲಿ ಓದಿದವಳು. 'ಅಜ್ಜ ಅಪ್ಪನನ್ನು ಶಾಲೆಗೆ ಕಳಿಸಲಿಲ್ಲ, ಹೆಸರು ಬದಲಾಯಿಸಿಬಿಡುತ್ತಾರೆ ಅಂತ ಹೆದರಿದ' ಅಂದ.

ಹಳೇ ಪುಸ್ತಕದಂಗಡಿ

ಅದೇ ಕಥೆ ಸಾವಿರಾರು ಮನೆಯದ್ದು. ಶಾಲೆಗಳೆಲ್ಲ ಮಿಷನ್ನಿನವು. ನಮಿಲ್ಯಾಂಗೊ 1902, ಗಯಾಜಾ 1905, ಬುಡೋ 1906. ಸರದಾರರ, ಗುಮಾಸ್ತರ ಮಕ್ಕಳೆಲ್ಲ ಅಲ್ಲಿಂದ ಬಂದವರು. ಒಳಗೆ ಹೋದರೆ ಜ್ಞಾನಸ್ನಾನ ಆಗಿಯೇ ಹೊರಗೆ ಬರುತ್ತಾರೆ ಅನ್ನೋ ಹೆದರಿಕೆ ಮುಸ್ಲಿಂ ಮನೆಗಳಲ್ಲಿತ್ತು, ಅದು ಸುಮ್ನೆ ಹುಟ್ಟಿದ್ದಲ್ಲ. ಮಕ್ಕಳನ್ನು ಕುರಾನ್ ಶಾಲೆಗೆ ಮಾತ್ರ ಕಳಿಸಿದರು. ಅದರಿಂದ ಆಫೀಸಿನ ಕೆಲಸ ಸಿಗಲಿಲ್ಲ. ಓದಿದವನು ಮುಟ್ಟದ ಕೆಲಸಗಳು ಇವರ ಪಾಲಿಗೆ ಬಂದವು. ಮಾಂಸ, ಬಟ್ಟೆ ಮಾರಾಟ, ಲಾರಿ, ಟ್ಯಾಕ್ಸಿ.

ಮಾಂಸದ ವಿಷಯ ನೋಡಿ. ಮುಸ್ಲಿಮರು ಬೇರೆಯವರು ಕೊಯ್ದದ್ದು ತಿನ್ನುವುದಿಲ್ಲ. ಕ್ರೈಸ್ತರಿಗೆ ಯಾರು ಕೊಯ್ದರೂ ಆದೀತು. ಹಾಗಾಗಿ ಊರಿನಲ್ಲಿ ಮದುವೆಯೋ ತಿಥಿಯೋ ಇದ್ದರೆ ಎಲ್ಲರೂ ಉಣ್ಣಲಿ ಅಂತ ಮುಸ್ಲಿಮನನ್ನೇ ಕರೆದು ಕೊಯ್ಯಿಸುವುದು ರೂಢಿಯಾಯಿತು. 1876ರಲ್ಲಿ ಯಾವ ಮಾಂಸದ ಜಗಳಕ್ಕೆ ತಲೆ ಉರುಳಿದ್ದವೋ ಅದೇ ಮಾಂಸ ಐವತ್ತು ವರ್ಷದೊಳಗೆ ಹೊಟ್ಟೆಪಾಡಾಯಿತು.

ಮತ್ತೆ ಹೆಂಡತಿಯರ ವಿಷಯ. ಬಗಾಂಡರಲ್ಲಿ ಅನುಕೂಲವಂತರಿಗೆ ಹಲವು ಹೆಂಡತಿಯರು ಇರುತ್ತಿದ್ದರು. ಪಾದ್ರಿ ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಬಿಡು ಅಂದ. ಇಸ್ಲಾಮಿನಲ್ಲಿ ನಾಲ್ವರವರೆಗೆ ಅವಕಾಶ. ಕೆಲವರಿಗೆ ಇದು ಅನುಕೂಲವಾಯಿತು. ಆದರೆ ಬಾಳೆಹಣ್ಣಿನ ಹೆಂಡ ಬಿಡಬೇಕು, ಸುನ್ನತಿ ಆಗಬೇಕು. ಅದು ಬೇಡ ಅಂದವರು ಚರ್ಚಿನ ಕಡೆ ಹೋದರು. ಗಂಡಸರ ಲೆಕ್ಕಾಚಾರ ಹೀಗೂ ಇತ್ತು, ಹೆಂಗಸರನ್ನು ಯಾರೂ ಕೇಳಿದ ಹಾಗೆ ಕಾಣುವುದಿಲ್ಲ.

ಉಳ್ಳಾಲದ ಗಾಳಿ

ಕೇಳಿದ ಹಾಗೆ ಕಾಣುವುದಿಲ್ಲ ಅಂತ ಸುಲಭವಾಗಿ ದಾಟಿಬಿಟ್ಟಿರಿ. ಆ ನರ್ಸ್ ತಂಗಿ ಓದಿದ್ದು ಹೇಗೆ ಅಂತ ಹೇಳಿ ಮೊದಲು.

ಹಳೇ ಪುಸ್ತಕದಂಗಡಿ

ಹೇಳುತ್ತೇನೆ. ಕಕುಂಗುಲು ಮತ್ತು ಜೊತೆಯವರು 1944ರಲ್ಲಿ ಉಗಾಂಡಾ ಮುಸ್ಲಿಂ ಶಿಕ್ಷಣ ಸಂಘ ಕಟ್ಟಿದರು. ಕುರಾನ್ ಜೊತೆ ಇಂಗ್ಲಿಷು, ಗಣಿತ. ಕಿಬುಲಿಯಲ್ಲಿ ಮಸೀದಿ, ಶಾಲೆ, ಆಮೇಲೆ ಆಸ್ಪತ್ರೆ. ಮಸೀದಿಗೆ 1941ರಲ್ಲಿ ಅಡಿಗಲ್ಲು ಇಟ್ಟದ್ದು, 1951ರಲ್ಲಿ ಬಾಗಿಲು ತೆರೆದದ್ದು ಆಗಾ ಖಾನರ ಮಗ ಅಲಿ ಖಾನ್. 1945ರಲ್ಲಿ ಆಗಾ ಖಾನ್ ಮೊಂಬಾಸಾದಲ್ಲಿ ಹುಟ್ಟುಹಾಕಿದ ಪೂರ್ವ ಆಫ್ರಿಕಾ ಮುಸ್ಲಿಂ ಕ್ಷೇಮ ಸಂಘವೂ ಶಾಲೆ, ಮಸೀದಿಗಳಿಗೆ ದುಡ್ಡು ಕೊಟ್ಟಿತು. ಅವರು ಇಸ್ಮಾಯಿಲಿಗಳು, ಅಂದರೆ ಶಿಯಾಗಳ ಒಂದು ಪಂಗಡ, ಆಗಾ ಖಾನ್ ಅವರ ಗುರು; ಬಗಾಂಡಾ ಮುಸ್ಲಿಮರು ಸುನ್ನಿಗಳು. ಇಸ್ಮಾಯಿಲಿಗಳಿಗೆ ಪ್ರಾರ್ಥನೆಗೆ ಬೇರೆ ಜಮಾತ್‌ಖಾನೆ ಇದೆ. ಆದರೂ ಕೊಟ್ಟರು.

ಹೆಣ್ಣುಮಕ್ಕಳ ಓದು ತಡವಾಗಿಯೇ ಬಂತು. ಆದರೆ ಒಮ್ಮೆ 'ನಮ್ಮದೇ ಶಾಲೆ' ಅಂತ ಆದ ಮೇಲೆ ಹೆದರಿಕೆ ಹೋಯಿತು.

ಲೆಕ್ಕದ ಮೇಷ್ಟ್ರು

ಒಂದು ಗೊಂದಲ ಬಿಡಿಸಬೇಕು. ಕಂಪಾಲಾದಲ್ಲಿ ಕಾಣುವ ಮುಸ್ಲಿಮರೆಲ್ಲ ಬಗಾಂಡರಲ್ಲ. ಈಜಿಪ್ಟಿನ ಪರ ನೈಲ್ ಮೇಲ್ಭಾಗದ ಸೀಮೆ ಆಳುತ್ತಿದ್ದ ಎಮಿನ್ ಪಾಷಾ ಬಿಟ್ಟುಹೋದ ಸುಡಾನಿ ಸಿಪಾಯಿಗಳನ್ನು ಲುಗಾರ್ಡ್ 1891ರಲ್ಲಿ ಕರೆತಂದ. ಅವರ ಸಂತತಿಗೆ ನೂಬಿಗಳು ಅಂತಾರೆ, ಬೊಂಬೊ ಅವರ ದೊಡ್ಡ ನೆಲೆ. ಕಛ್, ಗುಜರಾತಿನಿಂದ ಬಂದ ವ್ಯಾಪಾರಿಗಳು ಇನ್ನೊಂದು ಗುಂಪು, ಅಲಿದಿನಾ ವಿಶ್ರಾಮ್ ಅವರಲ್ಲಿ ದೊಡ್ಡ ಹೆಸರು. ಮೂರೂ ಸೇರಿಸಿ ಒಂದೇ ಲೆಕ್ಕ ಹಾಕಬೇಡಿ.

ಹುಬ್ಬಳ್ಳಿ_ಟು_ಕಂಪಾಲಾ

ಇನ್ನೊಂದು ನನಗೆ ಮಜಾ ಅನಿಸಿದ್ದು. ಡ್ರೈವರ್ ಅಣ್ಣ 'ನಾನು ಮಾಂಬಾ' ಅಂದ. ಅದು ಒಂದು ಜಾತಿ ಮೀನು. ಆತನ ಕುಲದ ಗುರುತು. ಆ ಮೀನು ತಿನ್ನುವುದಿಲ್ಲ. ಅಂಥ ಐವತ್ತಕ್ಕೂ ಜಾಸ್ತಿ ಕುಲಗಳಿವೆಯಂತೆ. ಆನೆ, ಅಣಬೆ, ಸಿಂಹ ಹೀಗೆ. ಒಂದೇ ಕುಲದೊಳಗೆ ಮದುವೆ ಇಲ್ಲ.

ಮಲೆನಾಡ ಗಿಡ್ಡ

ಅರೆ, ಇದು ನಮ್ಮ ಬೆಡಗಿನ ಹಾಗೇ ಇದೆಯಲ್ಲ! ನಮ್ಮ ಕಡೆಯೂ ಬೆಡಗಿನ ಗಿಡ ಕಡಿಯುವುದಿಲ್ಲ, ಒಂದೇ ಬೆಡಗಿನಲ್ಲಿ ಹೆಣ್ಣು ತರುವುದಿಲ್ಲ. ಮುಸ್ಲಿಂ ಆದ ಮೇಲೂ ಇಟ್ಟುಕೊಂಡಿದ್ದಾರಾ?

ಹಳೇ ಪುಸ್ತಕದಂಗಡಿ

ಇಟ್ಟುಕೊಂಡಿದ್ದಾರೆ. ಶರೀಯತ್ತಿನ ಪ್ರಕಾರ ಚಿಕ್ಕಪ್ಪನ ಮಗಳನ್ನು ಮದುವೆಯಾಗಬಹುದು. ಬಗಾಂಡಾ ಮುಸ್ಲಿಂ ಆಗುವುದಿಲ್ಲ, ಅವಳು ಅವನದೇ ಕುಲ, ಅಂದರೆ ತಂಗಿ. ಒಂದೇ ಕುಲದಲ್ಲಿ ಕ್ಯಾಥಲಿಕರು, ಪ್ರಾಟೆಸ್ಟಂಟರು, ಮುಸ್ಲಿಮರು ಎಲ್ಲ ಇರುತ್ತಾರೆ. ಕುಲದ ಹಿರಿಯ ಸತ್ತರೆ ವಾರಸುದಾರನನ್ನು ಕೂರಿಸುವ ಶಾಸ್ತ್ರಕ್ಕೆ ಎಲ್ಲರೂ ಬರಬೇಕು. ಅಲ್ಲಿ ಮುಸ್ಲಿಮರು ದುವಾ ಮಾಡುತ್ತಾರೆ, ಹೆಂಡ ಹಂಚುವ ಕಡೆ ನಿಲ್ಲುವುದಿಲ್ಲ. ಮಿಲಾದಿನಲ್ಲಿ ಮಟಾಲಿ ಅಂತ ದಪ್ಪು ಬಾರಿಸುತ್ತಾರೆ. ಇತ್ತೀಚೆಗೆ ಅರಬ್ ದೇಶಗಳಲ್ಲಿ ಓದಿ ಬಂದ ಯುವಕರು ಇದೆಲ್ಲ ಬೇಡ ಅನ್ನುತ್ತಾರೆ. ಹಳಬರು ಕೇಳುವುದಿಲ್ಲ. ನನಗೆ ಹಳಬರ ಕಡೆಯೇ ಒಲವು, ಮುಚ್ಚಿಡುವುದೇನಿದೆ.

ಬೆಳವಣಿಗೆಗೂ ಇದೇ ದಾರಿಯಾಯಿತು ಅನಿಸುತ್ತದೆ. ಮತ ಬದಲಿಸಿದವನು ಕುಲ ಬಿಡಬೇಕಿರಲಿಲ್ಲ. ಮನೆಗೆ ಹೊರಗಿನವನಾಗಲಿಲ್ಲ. ಇಂಥ ಕಡೆ ಒಬ್ಬ ಅಣ್ಣ ಮುಸ್ಲಿಂ ಆದರೆ ತಮ್ಮನಿಗೆ ಅದು ಗಾಬರಿಯ ಸಂಗತಿಯಲ್ಲ.

ಲೆಕ್ಕದ ಮೇಷ್ಟ್ರು

ಬೆಳವಣಿಗೆ ಬೆಳವಣಿಗೆ ಅಂತ ಎಲ್ಲರೂ ಹೇಳುತ್ತಿದ್ದೀರಿ, ಅಂಕಿ ಯಾರೂ ಕೊಡುತ್ತಿಲ್ಲ. ಉಗಾಂಡಾ ಜನಗಣತಿಯಲ್ಲಿ ಮುಸ್ಲಿಮರು 1991ರಲ್ಲಿ ಶೇ. 10.5, 2002ರಲ್ಲಿ ಶೇ. 12.1, 2014ರಲ್ಲಿ ಶೇ. 13.7. ಒಟ್ಟು ಜನಸಂಖ್ಯೆ 1991ರಲ್ಲಿ 1.67 ಕೋಟಿ, 2014ರಲ್ಲಿ 3.46 ಕೋಟಿ. ಗುಣಿಸಿ ನೋಡಿದರೆ ಹೆಚ್ಚುಕಡಿಮೆ 17.5 ಲಕ್ಷ ಇದ್ದವರು 47 ಲಕ್ಷ ಆದರು. ಇದು ಇಡೀ ದೇಶದ ಲೆಕ್ಕ, ಬುಗಾಂಡಾದ್ದಲ್ಲ. ದಕ್ಷಿಣ ಸುಡಾನ್ ಗಡಿಯ ಯುಂಬೆಯಂಥ ಮುಸ್ಲಿಂ ಬಹುಸಂಖ್ಯಾತ ಜಿಲ್ಲೆಯೂ ಇದರಲ್ಲಿ ಸೇರಿದೆ.

ಮಲೆನಾಡ ಗಿಡ್ಡ

ನೋಡಿದ್ರಾ? 23 ವರ್ಷದಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಲೆಕ್ಕದ ಮೇಷ್ಟ್ರು

ದೇಶದ ಜನಸಂಖ್ಯೆಯೇ ಎರಡು ಪಟ್ಟಾಗಿದೆ ಸ್ವಾಮಿ, ಅದನ್ನೂ ಓದಿ. 23 ವರ್ಷದಲ್ಲಿ ಪಾಲು ಏರಿದ್ದು 3.2 ಶೇಕಡಾ ಅಂಶ ಮಾತ್ರ. ನಿಜವಾಗಿ ಹಾರಿದವರು ಯಾರು ಗೊತ್ತಾ? ಪೆಂಟೆಕೋಸ್ಟಲ್ ಸಭೆಗಳು. 2002ರಲ್ಲಿ ಶೇ. 5ಕ್ಕಿಂತ ಕಡಿಮೆ ಇದ್ದವರು 2014ಕ್ಕೆ ಶೇ. 11 ದಾಟಿದರು. ಹನ್ನೆರಡೇ ವರ್ಷದಲ್ಲಿ. ಕ್ಯಾಥಲಿಕರ, ಆಂಗ್ಲಿಕನ್ನರ ಪಾಲು ಕರಗಿದ್ದು ಮುಖ್ಯವಾಗಿ ಆ ಕಡೆಗೆ. ಬೆಳವಣಿಗೆಯ ಚರ್ಚೆ ಬೇಕಿದ್ದರೆ ಅವರ ಬಗ್ಗೆ ಒಂದು ಹೊಸ ಎಳೆ ಶುರು ಮಾಡಿ.

ಮಲೆನಾಡ ಗಿಡ್ಡ

ಸರಿ ಮೇಷ್ಟ್ರೇ. ಆದರೆ ಇದಿ ಅಮೀನ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಮುಸ್ಲಿಮರು ಬೆಳೆದದ್ದು ಅವನ ಕಾಲದಲ್ಲಲ್ವಾ?

ಹಳೇ ಪುಸ್ತಕದಂಗಡಿ

ಬಾಯಿ ಬಿಡೋಣ. ಅಮೀನ್ ಬಗಾಂಡಾ ಅಲ್ಲ, ವೆಸ್ಟ್ ನೈಲ್ ಕಡೆಯವನು. 1971ರಲ್ಲಿ ಅಧಿಕಾರ ಹಿಡಿದ. ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಲಂಡನ್ನಿನಲ್ಲಿ ಸತ್ತಿದ್ದ ಕಬಾಕಾ ಎರಡನೇ ಮುಟೇಸಾನ ದೇಹವನ್ನು ತರಿಸಿ ಮಣ್ಣು ಮಾಡಿಸಿದ್ದು. ಬಗಾಂಡರು ಕುಣಿದಾಡಿದರು. ಬೇಗನೇ ಕುಣಿತ ನಿಂತಿತು.

1972ರಲ್ಲಿ ಮುಸ್ಲಿಂ ಸುಪ್ರೀಂ ಕೌನ್ಸಿಲ್ ಮಾಡಿದ, ಹಳೇ ಕಂಪಾಲಾ ಗುಡ್ಡದ ಜಾಗ ಕೊಟ್ಟ. ಅದೇ ವರ್ಷ ಏಷ್ಯನ್ನರನ್ನು 90 ದಿನದೊಳಗೆ ಹೊರಹಾಕಿದ. ಹೊರಬಿದ್ದವರಲ್ಲಿ ಕಿಬುಲಿ ಮಸೀದಿಗೆ ಹಣ ಕೊಟ್ಟ ಸಮುದಾಯದವರೂ ಇದ್ದರು, ಮುಸ್ಲಿಂ ಅಂತ ಅವರನ್ನೇನೂ ಬಿಡಲಿಲ್ಲ. ಅಂಗಡಿಗಳು ಹಂಚಿಕೆಯಾದಾಗ ಅಮೀನನ ಸೈನ್ಯದವರಿಗೆ, ಕೆಲವು ಮುಸ್ಲಿಮರಿಗೆ ಲಾಭವಾದದ್ದು ನಿಜ. ಆ ಆಸೆಗೆ ಮತ ಬದಲಿಸಿದವರೂ ಇದ್ದರು.

ಆದರೆ 1979ರಲ್ಲಿ ಅವನು ಓಡಿದಾಗ ಬೆಲೆ ತೆತ್ತವರು ಊರಲ್ಲಿ ಉಳಿದ ಸಾಮಾನ್ಯ ಮುಸ್ಲಿಮರು. ಅಂಕೋಲೆಯಲ್ಲಿ (ನಮ್ಮ ಅಂಕೋಲಾ ಅಲ್ಲ, ಉಗಾಂಡಾದ ಪಶ್ಚಿಮದ ಹಳೇ ರಾಜ್ಯ) ಹಳ್ಳಿಯ ಮುಸ್ಲಿಮರನ್ನು ಅಕ್ಕಪಕ್ಕದವರೇ ಕೊಂದರು. ಬುಗಾಂಡಾದಲ್ಲಿ ಅಷ್ಟಾಗಲಿಲ್ಲ. ಯಾಕೆ ಅಂದರೆ ನಾನು ಮತ್ತೆ ಕುಲದ ಕಡೆಗೇ, ಎಂಬೋಗೊ ಕಡೆಗೇ ಬೆರಳು ತೋರಿಸುತ್ತೇನೆ. ಅಲ್ಲಿ ಮುಸ್ಲಿಮರು ಅಮೀನ್ ಬರುವುದಕ್ಕೆ ನೂರು ವರ್ಷ ಮೊದಲಿನಿಂದ ಇದ್ದವರು ಅಂತ ಪಕ್ಕದ ಮನೆಯವನಿಗೆ ಗೊತ್ತಿತ್ತು.

ಉಳ್ಳಾಲದ ಗಾಳಿ

ಒಂದು ಕೇಳಬೇಕು. ನಮ್ಮ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ (ಸುನ್ನಿಗಳ ಒಂದು ಪಂಥ). ಪೂರ್ವ ಆಫ್ರಿಕಾ ಕರಾವಳಿಯೂ ಶಾಫಿ ಅಂತ ಕೇಳಿದ್ದೇನೆ, ಒಂದೇ ಕಡಲಿನ ವ್ಯಾಪಾರದ ದಾರಿ. ಬುಗಾಂಡಾದವರೂ ಅದೇನಾ?

ಹಳೇ ಪುಸ್ತಕದಂಗಡಿ

ಹೌದಕ್ಕ, ಅವರೂ ಶಾಫಿ. ಅದರಿಂದಲೇ ಒಂದು ದೊಡ್ಡ ಜಗಳವೂ ಆಯಿತು. ಎಂಬೋಗೊ ತೀರಿಕೊಂಡ ಆಸುಪಾಸಿನಲ್ಲಿ ಶುಕ್ರವಾರದ ಜುಮ್ಮಾ ಆದ ಮೇಲೆ ಮಧ್ಯಾಹ್ನದ ಜೊಹರ್ ನಮಾಜನ್ನೂ ಮಾಡಬೇಕಾ ಬೇಡವಾ ಅಂತ ಎರಡು ಬಣವಾಯಿತು. ಒಂದಕ್ಕೆ ಜುಮಾ, ಇನ್ನೊಂದಕ್ಕೆ ಜುಮಾ-ಜುಕುಲಿ ಅಂತಲೇ ಹೆಸರು. ಹೆಣ ಎತ್ತಲೂ ಒಬ್ಬರ ಮನೆಗೆ ಒಬ್ಬರು ಹೋಗದಷ್ಟು. ಕಕುಂಗುಲು ಅವರ ಅರ್ಧ ಆಯುಸ್ಸು ಇದನ್ನು ಕೂಡಿಸುವುದರಲ್ಲೇ ಹೋಯಿತು.

ಉಳ್ಳಾಲದ ಗಾಳಿ

ಈ ಜಗಳ ನನಗೆ ಹೊಸದಲ್ಲ, ಬಿಡಿ. ಈಗ ಒಟ್ಟಾಗಿದ್ದಾರಾ?

ಲೆಕ್ಕದ ಮೇಷ್ಟ್ರು

ಎಲ್ಲಿ. ಹಳೇ ಕಂಪಾಲಾ ಗುಡ್ಡದಲ್ಲಿ ಅಮೀನ್ ಶುರು ಮಾಡಿ ಲಿಬಿಯಾದ ಗದ್ದಾಫಿ ದುಡ್ಡಿನಲ್ಲಿ ಮುಗಿದ ದೊಡ್ಡ ಮಸೀದಿ, ಅಲ್ಲಿ ಸುಪ್ರೀಂ ಕೌನ್ಸಿಲ್ಲಿನ ಮುಫ್ತಿ. ಸಮುದಾಯದ ಆಸ್ತಿ ಮಾರಾಟದ ತಕರಾರು ಎದ್ದು 2009ರಲ್ಲಿ ಕಿಬುಲಿ ಕಡೆಯವರು ಬೇರೆ ಮುಫ್ತಿಯನ್ನು ಆರಿಸಿದರು. ಕಿಬುಲಿಗೆ ಕಕುಂಗುಲು ಮನೆತನದ ರಾಜಕುಮಾರ ಕಾಸಿಂ ನಕಿಬಿಂಗೆ ಬೆನ್ನಾಸರೆ. ಅರಮನೆಯ ಕಡೆ ಬಂದರೆ, ಕಬಾಕಾನ ಸರ್ಕಾರದಲ್ಲಿ ಉಪ ಕಟಿಕ್ಕಿರೊ, ಅಂದರೆ ಉಪ ದಿವಾನರ ಸ್ಥಾನಕ್ಕೆ ಮುಸ್ಲಿಮರಾದ ತ್ವಾಹಾ ಕವಾಸೆ ಬಂದಿದ್ದಾರೆ. 1900ರ ಒಪ್ಪಂದ ಬರೆದವರು ಇದನ್ನು ಊಹಿಸಿರಲಿಕ್ಕಿಲ್ಲ.

ಹುಬ್ಬಳ್ಳಿ_ಟು_ಕಂಪಾಲಾ

ಭಾಳ ಉಪಕಾರ ಆತ್ರಿ ಎಲ್ಲರದ್ದೂ. ಈದ್‌ಗೆ ಡ್ರೈವರ್ ಅಣ್ಣ ಬುಟಾಂಬಾಲಾಕ್ಕೆ, ಗೊಂಬೆ ಹತ್ತಿರದ ತನ್ನ ಊರಿಗೆ ಕರೆದಿದ್ದಾನೆ. ಅಲ್ಲಿ ಏನು ಕೇಳಲಿ ಹೇಳಿ, ಕೇಳಿಕೊಂಡು ಬರುತ್ತೇನೆ.

ಹಳೇ ಪುಸ್ತಕದಂಗಡಿ

1893ರಲ್ಲಿ ಸೋತು ಬಂದವರು ಅಲ್ಲಿ ಜಮೀನು ಹಂಚಿಕೊಂಡದ್ದು ಹೇಗೆ ಅಂತ ಹಿರಿಯರನ್ನು ಕೇಳಿ. ಮೊದಲೇ ಅಲ್ಲಿದ್ದ ಕ್ರೈಸ್ತ ಮನೆಗಳು ಏನಾದವು ಅನ್ನೋದನ್ನೂ ಕೇಳಿ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ.

ಉಳ್ಳಾಲದ ಗಾಳಿ

ನನ್ನ ಪರವಾಗಿ ಆ ನರ್ಸ್ ತಂಗಿಯನ್ನು ಮಾತಾಡಿಸಿ. ಅವರಮ್ಮ ಶಾಲೆಗೆ ಹೋಗಿದ್ದರಾ, ಹೋಗಿದ್ದರೆ ಯಾವುದಕ್ಕೆ, ಯಾರು ಕಳಿಸಿದರು. ಗಂಡಸರನ್ನು ಕೇಳಬೇಡಿ, ಅವಳನ್ನೇ ಕೇಳಿ.

ಮಲೆನಾಡ ಗಿಡ್ಡ

ಮತ್ತೆ ಕುಲಗಳ ಪೂರ್ತಿ ಪಟ್ಟಿ ಸಿಕ್ಕಿದರೆ ತನ್ನಿ ಮಾರಾಯ್ರೆ. ಯಾವ ಯಾವ ಗಿಡ, ಯಾವ ಪ್ರಾಣಿ ಅಂತ. ನಮ್ಮ ಬೆಡಗಿನ ಪಟ್ಟಿ ಪಕ್ಕ ಇಟ್ಟು ನೋಡಬೇಕು.